ಮಾತ್ರೆ ತಿಂದರೆ ಮರೆವಿನ ಕಾಯಿಲೆ ಬರುವುದಿಲ್ಲವೇ?

ಗಿಂಕ್ಗೊ, ಒಮೇಗಾ-3, ವಿಟಮಿನ್ ಇ ಮಾತ್ರೆಗಳು ವಯಸ್ಸಾದವರ ನೆನಪಿನ ಶಕ್ತಿ ಉಳಿಸುತ್ತವೆ, ಡಿಮೆನ್ಷಿಯಾ ತಡೆಯುತ್ತವೆ ಎಂಬ ಸಂದೇಶಗಳು ವಾಟ್ಸಾಪ್‌ನಲ್ಲಿ ಹರಿದಾಡುತ್ತಲೇ ಇರುತ್ತವೆ. ಇದು ಎಷ್ಟು ನಿಜ? ನೋಡೋಣ.

ಗಿಂಕ್ಗೊ ಚೀನಾ ಮೂಲದ ಒಂದು ಮರ. ಅದರ ಎಲೆಯ ಸಾರವನ್ನು ಅಮೆರಿಕದಲ್ಲಿ 75 ವರ್ಷ ದಾಟಿದ 3,069 ಜನರ ಮೇಲೆ ಪರೀಕ್ಷಿಸಿದರು. ಅರ್ಧದಷ್ಟು ಜನರಿಗೆ ಗಿಂಕ್ಗೊ, ಉಳಿದವರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ. ಸುಮಾರು ಆರು ವರ್ಷಗಳ ನಂತರ ನೋಡಿದರೆ, ಗಿಂಕ್ಗೊ ತಿಂದವರಲ್ಲಿ 277 ಮಂದಿಗೆ, ಹುಸಿ ಮಾತ್ರೆ ತಿಂದವರಲ್ಲಿ 246 ಮಂದಿಗೆ ಡಿಮೆನ್ಷಿಯಾ ಬಂದಿತ್ತು. ಅಂದರೆ ಗಿಂಕ್ಗೊದಿಂದ ಲಾಭವಾಗಲಿಲ್ಲ. ಈ ಫಲಿತಾಂಶ 2008ರಲ್ಲಿ ಪ್ರಕಟವಾಯಿತು.

ಡಿಮೆನ್ಷಿಯಾ ತಡೆಯಲೆಂದು ಬಿ ಮತ್ತು ಇ ವಿಟಮಿನ್, ಒಮೇಗಾ-3 ಮಾತ್ರೆಗಳನ್ನು ಶಿಫಾರಸು ಮಾಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಈಚೆಗೆ ಅಮೆರಿಕದ ಕಾಸ್ಮಾಸ್ ಅಧ್ಯಯನದಲ್ಲಿ ಮಲ್ಟಿವಿಟಮಿನ್ ತಿಂದ ಹಿರಿಯರು ನೆನಪಿನ ಪರೀಕ್ಷೆಗಳಲ್ಲಿ ತುಸು ಉತ್ತಮ ಅಂಕ ಪಡೆದರು. ಆದರೆ ಅದರಿಂದ ಡಿಮೆನ್ಷಿಯಾ ತಡೆಯಬಹುದೆಂದು ಸಾಬೀತಾಗಿಲ್ಲ.

ಹಾಗಾದರೆ ವಿಟಮಿನ್‌ಗೂ ಮರೆವಿಗೂ ಸಂಬಂಧವೇ ಇಲ್ಲವೇ? ಇದೆ. ದೇಹದಲ್ಲಿ ಬಿ12 ಕೊರತೆಯಾದರೆ ಮರೆವು, ಸುಸ್ತು, ಪಾದಗಳಲ್ಲಿ ಜುಮುಜುಮು ಕಾಣಿಸಬಹುದು. ಬಿ12 ನಮಗೆ ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಿಂದ. ಹಾಗಾಗಿ ಸಸ್ಯಾಹಾರಿಗಳಲ್ಲಿ ಕೊರತೆ ಹೆಚ್ಚು. ವಯಸ್ಸಾದಂತೆ ಹೊಟ್ಟೆ ಅದನ್ನು ಹೀರಿಕೊಳ್ಳುವುದೂ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲೂ ಹೀಗಾಗಬಹುದು. ರಕ್ತಪರೀಕ್ಷೆಯಿಂದ ಇದು ಗೊತ್ತಾಗುತ್ತದೆ, ಚಿಕಿತ್ಸೆಯೂ ಇದೆ. ಆದರೆ ತಡವಾದರೆ ನರಗಳಿಗೆ ಆದ ಹಾನಿ ಪೂರ್ತಿ ಸರಿಹೋಗದಿರಬಹುದು.

ಫಾರ್ವರ್ಡ್‌ಗಳ ನಿಜವಾದ ಅಪಾಯ ಇಲ್ಲೇ ಇದೆ. ‘ಮೆದುಳಿನ ಮಾತ್ರೆ’ ನಂಬಿ ಕುಳಿತರೆ ಬಿ12 ಅಥವಾ ಥೈರಾಯ್ಡ್ ಸಮಸ್ಯೆಯಂತಹ, ಗುಣಪಡಿಸಬಹುದಾದ ಕಾರಣ ಪತ್ತೆಯಾಗದೇ ಉಳಿಯುತ್ತದೆ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ಗಿಂಕ್ಗೊ ತಿಂದರೆ ರಕ್ತಸ್ರಾವದ ಅಪಾಯವೂ ಹೆಚ್ಚಬಹುದು. ನಮ್ಮ ದೇಶದಲ್ಲಿ ಇಂಥ ಪೂರಕಗಳು ಕಾನೂನಿನ ಪ್ರಕಾರ ಔಷಧಿಯಲ್ಲ, ಆಹಾರ. ಔಷಧಿಯಾಗಿ ಬಳಸುವಂತಿಲ್ಲ ಎಂದು ಅವುಗಳ ಡಬ್ಬಿಯ ಮೇಲೆಯೇ ಬರೆದಿರಬೇಕು.

ಮೆದುಳಿನ ಆರೋಗ್ಯಕ್ಕೆ ಬಿಪಿ, ಸಕ್ಕರೆ ಹತೋಟಿಯಲ್ಲಿರಲಿ. ದಿನವೂ ನಡೆಯಿರಿ, ತಂಬಾಕು ಬಿಡಿ, ಕಿವಿ ಮಂದವಾದರೆ ಪರೀಕ್ಷಿಸಿಕೊಳ್ಳಿ, ನಾಲ್ಕು ಜನರೊಂದಿಗೆ ಬೆರೆಯಿರಿ. ಮನೆಯ ಹಿರಿಯರಲ್ಲಿ ಮರೆವು ಹೆಚ್ಚುತ್ತಿದೆಯೇ? ಮಾತ್ರೆ ಕೊಳ್ಳುವ ಮೊದಲು ವೈದ್ಯರಿಗೆ ತೋರಿಸಿ. ಅವರು ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ.