ಲಂಡನ್ನಿನ ಬಸ್ಸುಗಳೂ ಹೃದ್ರೋಗದ ವಿಚಾರವೂ

ವ್ಯಾಯಾಮದ ಗುಣವೂ ಅದರ ಮಿತಿಯೂ ಚರಕಸಂಹಿತೆಯ ಸೂತ್ರಸ್ಥಾನದಲ್ಲಿಯೇ ಉಕ್ತವಾಗಿವೆ. ಆ ಮಾತನ್ನು ಎಣಿಕೆಯಿಂದ ಪರೀಕ್ಷಿಸಿದ ಆಧುನಿಕ ಶೋಧನೆಗಳಲ್ಲಿ, ಜೆರ್ರಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದುದು ಮುಖ್ಯವಾದುದು.

ಆಗ ಲಂಡನ್ನಿನ ಎರಡಂತಸ್ತಿನ ಬಸ್ಸಿನಲ್ಲಿ ಇಬ್ಬರು ನೌಕರರಿರುತ್ತಿದ್ದರು. ಡ್ರೈವರು ಕೆಲಸದ ಹೊತ್ತಿನ ಬಹುಭಾಗವನ್ನು ಕುಳಿತೇ ಕಳೆಯುವನು. ಕಂಡಕ್ಟರು ಟಿಕೆಟ್ಟು ಕೊಡುತ್ತ ದಿನಕ್ಕೆ 500ಕ್ಕೂ ಮೀರಿ ಮೆಟ್ಟಿಲು ಹತ್ತುವನು. ಸಂಸ್ಥೆ ಒಂದೇ, ಊರು ಒಂದೇ. ಆದರೂ ಹೃದಯದ ರಕ್ತನಾಳಗಳ ಬೇನೆಯು ಕಂಡಕ್ಟರುಗಳಲ್ಲಿ ಕಡಮೆಯಾಗಿದ್ದಿತು. ಬಂದರೂ ತಡವಾಗಿ, ಅಷ್ಟು ಉಗ್ರವಾಗದೆ ಬರುತ್ತಿದ್ದಿತು.

ಇಲ್ಲಿ ಒಂದು ಆಕ್ಷೇಪವುಂಟು. ಶೋಧನೆಯ ಸ್ವಾರಸ್ಯವೆಲ್ಲ ಇದರಲ್ಲಿಯೇ ಇದೆ. ಶ್ರಮವು ಹೃದಯವನ್ನು ಕಾಯಿತೇ, ಅಥವಾ ಮೊದಲೇ ಹಗುರಾದ ಮೈಯವರು ಕಂಡಕ್ಟರುಗಳಾದರೇ? 1956ರಲ್ಲಿ ಈ ಶೋಧಕರೇ ನೌಕರರ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದರು. (ದರ್ಜಿಯ ಲೆಕ್ಕವು ವೈದ್ಯಶಾಸ್ತ್ರಕ್ಕೆ ಒದಗುವುದು ಅಪರೂಪವಷ್ಟೆ!) ಷರಾಯಿಯ ಸೊಂಟದಳತೆಯು ಎಳೆಯ ಡ್ರೈವರುಗಳಲ್ಲಿಯೂ ಹೆಚ್ಚಾಗಿದ್ದಿತು. ಆಕ್ಷೇಪಕ್ಕೆ ಬಲ ಬಂದಿತು. ಆದರೆ ತೆಳುಮೈಯವರನ್ನು ತೆಳುಮೈಯವರೊಡನೆ, ಸ್ಥೂಲರನ್ನು ಸ್ಥೂಲರೊಡನೆ ಹೋಲಿಸಿದಾಗಲೂ ಹೃದ್ರೋಗದ ಹಠಾನ್ಮರಣವು ಡ್ರೈವರುಗಳಲ್ಲಿಯೇ ಅಧಿಕವೆಂದು ಮುಂದೆ ತಿಳಿದುಬಂದಿತು. ಆದಕಾರಣ ಮೈಯ ಗಾತ್ರವೊಂದರಿಂದಲೇ ಈ ಭೇದವನ್ನು ವಿವರಿಸಲಾಗದು. ಹಾಗೆಂದು ಶ್ರಮವೊಂದೇ ಕಾರಣವೆಂಬುದೂ ಸಿದ್ಧವಾಗಲಿಲ್ಲ; ಡ್ರೈವರಿಗೆ ಬೀದಿಯ ಸಂದಣಿಯ ಉದ್ವೇಗವೂ ಇರುವುದಲ್ಲವೆ? ಈ ದೃಷ್ಟಿಯಿಂದ ನೋಡಿದರೆ ಅದೇ 1953ರ ಲೇಖನದಲ್ಲಿರುವ ಅಂಚೆ ನೌಕರರ ಹೋಲಿಕೆಯು ಬಸ್ಸಿನದಕ್ಕಿಂತ ಬೆಲೆಯುಳ್ಳದ್ದೆಂದು ನಮಗೆ ತೋರುತ್ತದೆ. ಅಲ್ಲಿ ಕುಳಿತು ಬರೆಯುವ ಗುಮಾಸ್ತರಿಗೆ ಬೀದಿಯ ಉದ್ವೇಗವಿಲ್ಲ. ಆದರೂ ನಡೆದು ಕಾಗದ ಹಂಚುವವರಿಗಿಂತ ಅವರಿಗೇ ಈ ಬೇನೆ ಹೆಚ್ಚಾಗಿದ್ದಿತು.