ಬಳಪವೂ ಕಲ್ಲೇ, ಸ್ಲೇಟೂ ಕಲ್ಲೇ

ಅಕ್ಕಾ, ನಿಮ್ಮ ಕೈಯಲ್ಲಿರುವ ಬಳಪ ನೋಡಿ. ಇದು ಕಲ್ಲು. ಹಳೇ ಕಾಲದ ಕರಿ ಸ್ಲೇಟೂ ಕಲ್ಲೇ. ತಗಡಿನ ಸ್ಲೇಟಲ್ಲ ಮತ್ತೆ!

ಆ ಸ್ಲೇಟು ಒಂದು ಕಾಲಕ್ಕೆ ಬರೀ ಕೆಸರು. ನೀರಿನ ತಳದಲ್ಲಿ ಕೂತು ಮೆದು ಕಲ್ಲಾಯಿತು. ಆಮೇಲೆ ನೆಲದ ಆಳಕ್ಕೆ ಹೋಯಿತು. ಅಲ್ಲಿ ಕಾವು ಹೆಚ್ಚು. ಸುತ್ತಲೂ ಭಾರೀ ಒತ್ತಡ. ಕಲ್ಲು ಕರಗಲಿಲ್ಲ. ಆದರೆ ಅದರ ಗುಣವೇ ಬದಲಾಯಿತು. ಹಸಿ ಮಡಕೆ ಆವಿಗೆಯಲ್ಲಿ ಬೆಂದು ಗಟ್ಟಿಯಾಗೋದಿಲ್ಲವೇ? ಹಾಗೆ. ಇದಕ್ಕೆ ಲಕ್ಷಾಂತರ ವರ್ಷ ಬೇಕು. ಹೀಗೆ ಬದಲಾದ ಕಲ್ಲಿಗೆ ರೂಪಾಂತರ ಶಿಲೆ ಅಂತಾರೆ. ಬಿಡಿಸಿ ಓದಿ: ರೂ-ಪಾಂ-ತ-ರ ಶಿ-ಲೆ.

ಇದರಲ್ಲಿ ಎರಡು ಬಗೆ. ಕೆಲವು ಕಲ್ಲಿಗೆ ಪದರ ಇರುತ್ತದೆ. ಸ್ಲೇಟಿನ ಕಲ್ಲನ್ನು ಹಾಳೆಯಂತೆ ಸೀಳಬಹುದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ! ಇನ್ನು ಕೆಲವಕ್ಕೆ ಪದರ ಇಲ್ಲ. ಸುಣ್ಣದ ಕಲ್ಲು ಬದಲಾಗಿ ಆದ ಅಮೃತಶಿಲೆ ಹಾಗೆ.

ಬಳಪದ ಕಲ್ಲೂ ರೂಪಾಂತರ ಶಿಲೆಯೇ. ಆದರೆ ಬಲು ಮೆದು. ಸ್ಲೇಟಿನ ಮೇಲೆ ಉಜ್ಜಿದರೆ ಸವೆಯುತ್ತದೆ, ಅಕ್ಷರ ಮೂಡುತ್ತದೆ. ಬೇಲೂರಿನ ಶಿಲಾಬಾಲಿಕೆಯರನ್ನು ಕೆತ್ತಿದ್ದೂ ಈ ಜಾತಿಯ ಕಲ್ಲಿನಲ್ಲೇ. ಅವರ ಬಳೆ, ಸರ ಅಷ್ಟು ನಯವಾಗಿ ಬಂದದ್ದು ಅದಕ್ಕೇ. ಅಜ್ಜಿಯರು ಉಪ್ಪಿನಕಾಯಿ ಇಡುತ್ತಿದ್ದ ಕಲ್ಲು ಮರಿಗೆಯೂ ಇದರದ್ದೇ.