ಜನ್ನನ ಇಬ್ಬರು ವಂಚಿತ ಪತಿಗಳು: ಜೈನಕಥೆಗಳಲ್ಲಿ ಪ್ರೇಮ, ಮರಣ, ಕೊಲೆ ಮತ್ತು ಪ್ರತೀಕಾರ

ಜೈನ ಕಥಾಸಾಹಿತ್ಯದಲ್ಲಿ ಕೊಲೆಯ ಪ್ರಸಂಗಗಳು ವಿಪುಲವಾಗಿವೆ. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಪರಂಪರೆಯ ಕವಿಗಳು ವಿಷಪ್ರಯೋಗ, ಪತಿಹತ್ಯೆ, ಬಲಿ, ಜನ್ಮಾಂತರವೈರ ಮುಂತಾದ ವಸ್ತುಗಳನ್ನು ಇಷ್ಟು ವಿಸ್ತಾರವಾಗಿ ಏಕೆ ವರ್ಣಿಸಿದರೆಂಬ ಪ್ರಶ್ನೆ ಸಹಜವಾದುದು. ಶ್ರಾವಕರಲ್ಲಿ ಪಾಪಭೀತಿಯನ್ನು ಹುಟ್ಟಿಸುವುದಕ್ಕಾಗಿ ಎಂಬ ಉತ್ತರ ರೂಢಿಯಲ್ಲಿದೆ. ಅದು ನಿಜವಾದರೂ ಪೂರ್ಣವಲ್ಲ. ಈ ಕಥೆಗಳ ಪಾತ್ರಗಳನ್ನು ಪರ್ಯಾಲೋಚಿಸಿದರೆ, ಕೊಲೆಯ ಬೀಜ ಆಯುಧದಲ್ಲಿ ಇಲ್ಲದೆ ಭಾವದಲ್ಲಿ ಇರುತ್ತದೆ ಎಂಬ ಸಿದ್ಧಾಂತದ ಸೂಕ್ಷ್ಮವನ್ನು ಶಾಸ್ತ್ರಗ್ರಂಥಕ್ಕಿಂತ ಸ್ಪಷ್ಟವಾಗಿ ಅವು ತೋರಿಸುತ್ತವೆ ಎಂಬುದು ವ್ಯಕ್ತವಾಗುತ್ತದೆ. ಇದಕ್ಕೆ ಕವಿಚಕ್ರವರ್ತಿ ಜನ್ನನ ಎರಡು ಕೃತಿಗಳು ಉತ್ತಮ ನಿದರ್ಶನ. ಕ್ರಿ.ಶ. 1209ರ ‘ಯಶೋಧರಚರಿತೆ’ಯಲ್ಲಿಯೂ, ಅದಾದ 21 ವರ್ಷಗಳ ಬಳಿಕ 1230ರಲ್ಲಿ ಮುಗಿದ ‘ಅನಂತನಾಥಪುರಾಣ’ದಲ್ಲಿಯೂ ಒಬ್ಬೊಬ್ಬ ವಂಚಿತನಾದ ಪತಿಯ ಕಥೆಯಿದೆ. ಮೊದಲನೆಯವನು ಯಶೋಧರ, ಎರಡನೆಯವನು ವಸುಷೇಣ. ಒಬ್ಬನು ಸೇಡು ತೀರಿಸಿಕೊಳ್ಳಲಿಲ್ಲ. ಇನ್ನೊಬ್ಬನು ಜನ್ಮ ದಾಟಿ ಸೇಡು ತೀರಿಸಿಕೊಂಡನು. ಇಬ್ಬರೂ ದುರ್ಗತಿಯನ್ನು ಕಂಡರು. ಏಕೆ ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ಯಶೋಧರನ ಕಥೆ ಜನ್ನನ ಸ್ವಂತ ಕಲ್ಪನೆಯಲ್ಲವೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. 8ನೆಯ ಶತಮಾನದ ಹರಿಭದ್ರಸೂರಿಯ ಪ್ರಾಕೃತ ‘ಸಮರಾಇಚ್ಚಕಹಾ’ದ ನಾಲ್ಕನೆಯ ಭವದಲ್ಲಿ ಅದು ಉಪಕಥೆಯಾಗಿ ಬರುತ್ತದೆ, ಅಲ್ಲಿ ರಾಣಿಯ ಹೆಸರು ನಯನಾವಳಿ, ಆಕೆಯ ಜಾರನು ಗೂನನು. 959ರಲ್ಲಿ ಸೋಮದೇವಸೂರಿ ‘ಯಶಸ್ತಿಲಕ’ವೆಂಬ ಚಂಪುವಿನಲ್ಲಿ ಇದನ್ನೇ ಮಹಾಕಥೆಯಾಗಿ ಬೆಳೆಸಿದನು. ಪುಷ್ಪದಂತನು ಅಪಭ್ರಂಶದಲ್ಲಿ ‘ಜಸಹರಚರಿಉ’ವನ್ನು ರಚಿಸಿದನು. 11ನೆಯ ಶತಮಾನದ ವಾದಿರಾಜನು ಸಂಸ್ಕೃತದಲ್ಲಿ ನಾಲ್ಕು ಸರ್ಗಗಳ ಕಿರುಕಾವ್ಯವಾಗಿ ಹೇಳಿದನು. ಜನ್ನನು ವಾದಿರಾಜನ ಜಾಡನ್ನು ಹಿಡಿದು, ಬಹುಪಾಲು ಕಂದಪದ್ಯಗಳಲ್ಲಿ, ನಾಲ್ಕು ಅವತಾರಗಳಾಗಿ ಕಥೆಯನ್ನು ಸಂಗ್ರಹಿಸಿದನು. ಜೀವದಯಾಷ್ಟಮಿಯ ನೋಂಪಿಯೊಡನೆ ಈ ಕಥೆಗೆ ಇರುವ ಸಂಬಂಧದಿಂದಾಗಿ ಕಾವ್ಯವು ಪಂಡಿತರ ಓದಿಗೆ ಮಾತ್ರ ಸೀಮಿತವಾಗದೆ ಶ್ರಾವಕ ಶ್ರಾವಿಕೆಯರ ಶ್ರವಣಕ್ಕೂ ಸಂದಿತು. ಭಾಷೆಯಿಂದ ಭಾಷೆಗೆ ಪಾತ್ರಗಳ ಹೆಸರೂ ವೃತ್ತಿಯೂ ವ್ಯತ್ಯಾಸಗೊಂಡಿದ್ದರೂ ಹಿಟ್ಟಿನ ಕೋಳಿಯ ಬಲಿಯೇ ಕಥೆಯ ನಡುಗಂಬವಾಗಿ ನಿಂತಿದೆ.

ಕಥೆಯ ಮುಖ್ಯಾಂಶ ಹೀಗಿದೆ. ಉಜ್ಜಯಿನಿಯ ಅರಸು ಯಶೌಘನು ನರೆಗೂದಲನ್ನು ಕಂಡು ವಿರಕ್ತನಾಗಿ ಮಗ ಯಶೋಧರನಿಗೆ ಪಟ್ಟಗಟ್ಟಿ ತಪಸ್ಸಿಗೆ ತೆರಳುತ್ತಾನೆ. ಯಶೋಧರನ ರಾಣಿ ಅಮೃತಮತಿ ಒಂದು ರಾತ್ರಿ ಆನೆಯ ಲಾಯದಿಂದ ಕೇಳಿಬಂದ ಮಾವತನ ಹಾಡಿಗೆ ಮನಸೋಲುತ್ತಾಳೆ. ಹಾಡಿದವನನ್ನು ನೋಡಿ ಬಂದ ಕೆಳದಿ ಅವನ ವಿಕಾರರೂಪವನ್ನು ವಿವರಿಸಿದರೂ ರಾಣಿಯ ಮನಸ್ಸು ಹಿಂದೆಗೆಯುವುದಿಲ್ಲ. ಸಂಶಯಗೊಂಡ ಅರಸನು ಆಕೆಯನ್ನು ಹಿಂಬಾಲಿಸಿ ಹೋಗಿ, ತಡವಾಗಿ ಬಂದಳೆಂದು ಮಾವತ ಅಷ್ಟಾವಂಕನು ರಾಣಿಯನ್ನು ಬಡಿಯುವುದನ್ನೂ ಆಕೆ ಅದನ್ನು ಸಹಿಸಿ ಅವನನ್ನೇ ಓಲೈಸುವುದನ್ನೂ ಕಣ್ಣಾರೆ ಕಾಣುತ್ತಾನೆ. ಬಾಳನ್ನು ಎತ್ತಿದ ಕೈ ಹಾಗೆಯೇ ತಡೆದು ನಿಲ್ಲುತ್ತದೆ. ಮರುದಿನ ಮಗನ ಮ್ಲಾನಮುಖವನ್ನು ಕಂಡ ತಾಯಿ ಚಂದ್ರಮತಿಗೆ ಅವನು ದುಃಸ್ವಪ್ನದ ನೆವವನ್ನು ಹೇಳುತ್ತಾನೆ. ದೇವಿಗೆ ಪ್ರಾಣಿಬಲಿ ಕೊಟ್ಟು ಶಾಂತಿ ಮಾಡಿಸಬೇಕೆಂದು ಆಕೆ ಹಟ ಹಿಡಿಯುತ್ತಾಳೆ. ಜೀವಹಿಂಸೆಗೆ ಒಪ್ಪದ ಮಗನು ಕೊನೆಗೆ ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಆ ಕೋಳಿಯಲ್ಲಿ ಬೆಂತರವೊಂದು ಹೊಕ್ಕಿದ್ದುದರಿಂದ ತಲೆ ತರಿಯುವಾಗ ಅದು ಕೂಗುತ್ತದೆ. ನೊಂದ ಅರಸನು ರಾಜ್ಯವನ್ನು ಮಗ ಯಶೋಮತಿಗೆ ಒಪ್ಪಿಸಿ ತಪಸ್ಸಿಗೆ ಹೊರಡಲು ನಿಶ್ಚಯಿಸುವಷ್ಟರಲ್ಲಿ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕಿ ಕೊಲ್ಲುತ್ತಾಳೆ.

ಇಲ್ಲಿ ಮೊದಲು ಗಮನಿಸತಕ್ಕದ್ದು ಪ್ರೇಮದ ಸ್ವರೂಪ. ಈ ಕಥೆಯಲ್ಲಿ ದ್ವೇಷದಿಂದ ಆರಂಭವಾಗುವ ಕೃತ್ಯ ಒಂದೂ ಇಲ್ಲ. ಎಲ್ಲವೂ ಒಂದಲ್ಲ ಒಂದು ಬಗೆಯ ಪ್ರೀತಿಯಿಂದಲೇ ಹೊರಡುತ್ತವೆ. ಅಮೃತಮತಿಯದು ಕಾಮ. ಅದಕ್ಕೆ ರೂಪ, ಕುಲ, ಸುಖ ಯಾವುದರ ಆಸರೆಯೂ ಇಲ್ಲ. ಕಿವಿಗೆ ಬಿದ್ದ ಒಂದು ಹಾಡು ಅದಕ್ಕೆ ಸಾಕಾಯಿತು. ಚಂದ್ರಮತಿಯದು ವಾತ್ಸಲ್ಯ. ಮಗನ ಕ್ಷೇಮವನ್ನು ಬಿಟ್ಟು ಬೇರೇನನ್ನೂ ಆಕೆ ಬಯಸಿದವಳಲ್ಲ. ಯಶೋಧರನದು ದಾಕ್ಷಿಣ್ಯ, ತಾಯಿಯ ಕಣ್ಣೀರಿನ ಮುಂದೆ ತನ್ನ ವಿವೇಕವನ್ನು ಸಡಿಲಿಸಿದ ಸ್ನೇಹ. ಕಾಮವು ವಿಷವನ್ನು ಬೆರೆಸಿತು, ವಾತ್ಸಲ್ಯವು ಬಲಿಯನ್ನು ವಿಧಿಸಿತು, ದಾಕ್ಷಿಣ್ಯವು ಖಡ್ಗವನ್ನು ಬೀಸಿತು. ರಾಗವೂ ದ್ವೇಷದಂತೆಯೇ ಬಂಧಕಾರಣವೆಂಬ ಮಾತು ಶ್ರಾವಕರಿಗೆ ಪರಿಚಿತವಾದರೂ, ತಾಯಿಯ ಮಮತೆಯಂಥ ಲೋಕಪೂಜ್ಯವಾದ ಭಾವವೂ ಪ್ರಮಾದದೊಡನೆ ಬೆರೆತಾಗ ಹಿಂಸೆಯ ಬಾಗಿಲಾಗುವುದನ್ನು ಜನ್ನನು ಚಂದ್ರಮತಿಯ ಪಾತ್ರದಲ್ಲಿ ಮನಗಾಣಿಸಿದ್ದಾನೆ. ಆಧುನಿಕ ಓದುಗರ ಆಸಕ್ತಿ ಹೆಚ್ಚಾಗಿ ಅಮೃತಮತಿಯ ಕಡೆಗೆ ಹರಿದಿದೆ. ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಈ ವಸ್ತುವನ್ನು ಹೊಸದಾಗಿ ಎತ್ತಿಕೊಂಡರು. ಆದರೆ ಪರಂಪರೆಯ ದೃಷ್ಟಿಯಲ್ಲಿ ಕಥೆಯ ಭಾರವನ್ನು ಹೊತ್ತವರು ತಾಯಿ ಮಗ ಇಬ್ಬರು. ಆರು ತಿರ್ಯಗ್ಜನ್ಮಗಳನ್ನು ಜೊತೆಯಾಗಿ ಅನುಭವಿಸುವವರೂ ಅವರೇ.

ಈ ಆರು ಜನ್ಮಗಳ ವಿಷಯದಲ್ಲಿ ಒಂದು ಆಕ್ಷೇಪವುಂಟು. ಹಿಟ್ಟಿನ ಕೋಳಿಗೆ ಪ್ರಾಣವಿಲ್ಲ. ಆದುದರಿಂದ ದ್ರವ್ಯಹಿಂಸೆ ನಡೆದಿಲ್ಲ. ಸಾಕ್ಷಾತ್ ಕೊಲೆಗೆ ಒಳಗಾದವರು ಯಶೋಧರ ಚಂದ್ರಮತಿಯರು. ಹೀಗಿರಲು ಕೊಲೆಯಾದವರಿಗೆ ಜನ್ಮಪರಂಪರೆಯ ದುಃಖವೇಕೆ? ಇದು ಅತಿದಂಡನೆಯಲ್ಲವೇ? ಉತ್ತರವನ್ನು ತತ್ತ್ವಾರ್ಥಸೂತ್ರದಲ್ಲಿಯೇ ಹುಡುಕಬೇಕು. ಅದರ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣವಿಯೋಗಕ್ಕೆ ಪ್ರಮತ್ತಯೋಗವನ್ನು ಹೇತುವಾಗಿ ಇಡುತ್ತದೆ. ಅಮೃತಚಂದ್ರಸೂರಿಯ ‘ಪುರುಷಾರ್ಥಸಿದ್ಧ್ಯುಪಾಯ’ವು ಇನ್ನೂ ಮುಂದೆ ಹೋಗಿ ರಾಗಾದಿಗಳ ಉದಯವನ್ನೇ ಹಿಂಸೆಯೆಂದು ನಿರ್ಣಯಿಸುತ್ತದೆ. ಬಲಿಪೀಠದ ಮುಂದೆ ನಿಂತ ಯಶೋಧರನಲ್ಲಿ ಕೊಲ್ಲುವ ಸಂಕಲ್ಪವಿತ್ತು, ಬಲಿಯ ವಿಧಿಯಿತ್ತು, ಅದರಿಂದ ಶಾಂತಿಯಾಗಲೆಂಬ ಫಲಾಪೇಕ್ಷೆಯಿತ್ತು. ಜೀವವೊಂದನ್ನು ಬಿಟ್ಟು ಬಲಿಯ ಉಳಿದೆಲ್ಲ ಅಂಗಗಳೂ ಅಲ್ಲಿ ಪೂರ್ಣವಾಗಿದ್ದವು. ಕೋಳಿ ಕೂಗಿದುದು ಆ ಪೂರ್ಣತೆಗೆ ಬಂದ ಸಾಕ್ಷ್ಯವೆನ್ನಬಹುದು.

ಇದಲ್ಲದೆ ಆಸ್ರವದಲ್ಲಿ ತಾರತಮ್ಯವನ್ನು ಹೇಳುವ ಆರನೆಯ ಅಧ್ಯಾಯದ ಸೂತ್ರವನ್ನೂ ಇಲ್ಲಿ ಅನ್ವಯಿಸಿ ನೋಡಬೇಕು. ಭಾವದ ತೀವ್ರತೆ, ಮಂದತೆ, ತಿಳಿದು ಮಾಡಿದುದು, ತಿಳಿಯದೆ ಮಾಡಿದುದು ಇವುಗಳಿಂದ ಬಂಧದಲ್ಲಿ ಭೇದ ಉಂಟಾಗುತ್ತದೆ. ಚಂದ್ರಮತಿ ಮಿಥ್ಯಾತ್ವದಿಂದ ಬಲಿಯನ್ನು ಧರ್ಮವೆಂದೇ ನಂಬಿದ್ದಳು. ಯಶೋಧರನಾದರೋ ಅದು ಅಧರ್ಮವೆಂದು ತಾಯಿಯೊಡನೆ ವಾದಿಸಿ, ಅನಂತರ ಅದನ್ನೇ ಮಾಡಿದವನು. ಅವನದು ಜ್ಞಾತಭಾವ. ಅಮೃತಮತಿಯ ದಂಡನೆ ಲಘುವೆಂಬ ಭಾವನೆಗೂ ಆಧಾರವಿಲ್ಲ. ಕುಷ್ಠದಿಂದ ಕೊಳೆತು ಸತ್ತು ಆಕೆ ನರಕಕ್ಕೆ ಇಳಿಯುತ್ತಾಳೆ. ಆದರೆ ಕವಿ ಅಲ್ಲಿ ನಿಲ್ಲುವುದಿಲ್ಲ. ತಾನು ತಪ್ಪು ಮಾಡುತ್ತಿದ್ದೇನೆಂದು ಅರಿತೂ ಮಾಡುವ ಸಜ್ಜನನ ಗತಿಯೇ ಅವನ ಮುಖ್ಯ ವಿಷಯ.

ಇನ್ನು ಪ್ರತೀಕಾರದ ವಿಚಾರ. ಆನೆಲಾಯದಲ್ಲಿ ತಡೆದ ಖಡ್ಗವನ್ನು ಯಶೋಧರನ ಕ್ಷಮಾಗುಣಕ್ಕೆ ನಿದರ್ಶನವಾಗಿ ಹೇಳುವುದುಂಟು. ಕಾವ್ಯದ ಸಂದರ್ಭ ಅದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಶತ್ರುರಾಜರ ಮೇಲೆ ಎತ್ತತಕ್ಕ ಆಯುಧವು ಇಂಥ ನೀಚರ ಮೇಲೆ ಬೀಳಬಾರದೆಂಬ ಕ್ಷತ್ರಿಯಾಭಿಮಾನವೂ ಹೇಸಿಕೆಯೂ ಅವನ ಕೈಯನ್ನು ಹಿಡಿದವು. ಕಷಾಯವು ಉಪಶಮಗೊಳ್ಳಲಿಲ್ಲ, ಕೇವಲ ಅಡಗಿತು. ಮಾರನೆಯ ದಿನ ಅವನು ರಾಣಿಯನ್ನು ಹೂವಿನಿಂದ ಹೊಡೆದು ವ್ಯಂಗ್ಯವಾಡುವುದು, ತಾಯಿಗೆ ಸತ್ಯವನ್ನು ಮರೆಸಿ ಕನಸಿನ ನೆವ ಹೇಳುವುದು, ಇವೆರಡೂ ಆ ಅಡಗಿದ ಕೋಪದ ಹೊಗೆ. ಆ ನೆವವೇ ಬಲಿಗೆ ಕಾರಣವಾಯಿತು. ಹೀಗೆ ಲಾಯದಲ್ಲಿ ಬೀಳದ ಖಡ್ಗವು ದೇವಿಯ ಗುಡಿಯಲ್ಲಿ ಬಿದ್ದಿತು. ಮೊದಲ ತಿರ್ಯಗ್ಜನ್ಮದಲ್ಲಿ ನವಿಲಾಗಿ ಹುಟ್ಟಿದ ಯಶೋಧರನು ಅಮೃತಮತಿಯೂ ಜಾರನೂ ಕೂಡಿರುವುದನ್ನು ಕಂಡು ಪೂರ್ವಸ್ಮರಣೆಯಿಂದ ಮೇಲೆ ಎರಗುವುದು ಇದನ್ನು ದೃಢಪಡಿಸುತ್ತದೆ. ಅರಸನಾಗಿದ್ದಾಗ ತಡೆದುದನ್ನು ಅವನು ಪಕ್ಷಿಯಾಗಿ ತಡೆಯಲಾರದೆ ಹೋದನು.

ವಸುಷೇಣನ ಕಥೆಯನ್ನು ಇದರ ಪಕ್ಕದಲ್ಲಿ ಇಡಬೇಕು. ಗುಣಭದ್ರಾಚಾರ್ಯರ ‘ಉತ್ತರಪುರಾಣ’ದಲ್ಲಿ ಸಂಕ್ಷಿಪ್ತವಾಗಿದ್ದ ಈ ವೃತ್ತಾಂತವನ್ನು ಜನ್ನನು ‘ಅನಂತನಾಥಪುರಾಣ’ದಲ್ಲಿ ಹಿಗ್ಗಿಸಿದನು. ಪೋದನಪುರದ ಅರಸು ವಸುಷೇಣನ ಮನೆಗೆ ಮಿತ್ರನಾಗಿ ಬಂದ ಮಲಯದೇಶದ ಚಂಡಶಾಸನನು ಅವನ ರಾಣಿ ಸುನಂದೆಯನ್ನು ಕಂಡು ಮೋಹಿಸಿ ಅಪಹರಿಸುತ್ತಾನೆ. ಆಕೆ ಒಲಿಯದಿದ್ದಾಗ ಗಂಡನದೆಂದು ಹೇಳಿ ಕೃತಕ ಶಿರಸ್ಸನ್ನು ತೋರಿಸುತ್ತಾನೆ. ಅದನ್ನು ನಿಜವೆಂದು ನಂಬಿದ ಸುನಂದೆ ಪ್ರಾಣ ಬಿಡುತ್ತಾಳೆ. ಚಂಡಶಾಸನನು ಆಕೆಯ ಚಿತೆಯನ್ನೇರಿ ತಾನೂ ಸಾಯುತ್ತಾನೆ. ಕೊಂದವನೇ ಪ್ರೇಮಿ, ಪ್ರೇಮಿಯೇ ಕೊಂದವನು. ಇತ್ತ ವಸುಷೇಣನು ವಿರಕ್ತನಾಗಿ ದೀಕ್ಷೆ ವಹಿಸಿದರೂ ತನ್ನ ತಪಸ್ಸಿನ ಫಲವಾಗಿ ಶತ್ರುವನ್ನು ಕೊಲ್ಲುವ ಬಲ ಒದಗಲೆಂದು ನಿದಾನಬಂಧ ಮಾಡಿಕೊಳ್ಳುತ್ತಾನೆ. ಅವನು ಮುಂದೆ ಪುರುಷೋತ್ತಮನೆಂಬ ನಾಲ್ಕನೆಯ ವಾಸುದೇವನಾಗಿ, ಚಂಡಶಾಸನನು ಮಧುಸೂದನನೆಂಬ ಪ್ರತಿವಾಸುದೇವನಾಗಿ ಹುಟ್ಟುತ್ತಾರೆ. ಪುರುಷೋತ್ತಮನು ವೈರಿಯನ್ನು ಕೊಲ್ಲುತ್ತಾನೆ. ತಾನೂ ನರಕಕ್ಕೆ ಹೋಗುತ್ತಾನೆ.

ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳಲ್ಲಿ ನಿದಾನವೇ ವಸುಷೇಣನ ತಪಸ್ಸನ್ನು ಕೆಡಿಸಿತು. ಅನ್ಯಾಯಕ್ಕೆ ಒಳಗಾದವನು ಅವನೆಂಬುದರಲ್ಲಿ ಸಂದೇಹವಿಲ್ಲ. ಆದರೂ ನ್ಯಾಯವಾದ ದುಃಖವು ವೈರಸಂಕಲ್ಪವಾಗಿ ಮಾರ್ಪಟ್ಟೊಡನೆ ಅದರ ಫಲ ಅಪರಾಧಿಯ ಪಾಪದಿಂದ ಬೇರೆಯಾಗಿ ಉಳಿಯಲಿಲ್ಲ. ಹರಿಭದ್ರನ ‘ಸಮರಾಇಚ್ಚಕಹಾ’ದ ಅಗ್ನಿಶರ್ಮನದೂ ಇದೇ ಗತಿ. ರಾಜಪುತ್ರ ಗುಣಸೇನನು ಎಳವೆಯಲ್ಲಿ ಅವನ ಕುರೂಪವನ್ನು ಅಣಕಿಸಿದ್ದನು. ಮುಂದೆ ಅಗ್ನಿಶರ್ಮನು ತಾಪಸನಾಗಿ ತಿಂಗಳ ಉಪವಾಸದ ವ್ರತ ಹಿಡಿದಾಗ, ಗುಣಸೇನನು ಭಕ್ತಿಯಿಂದಲೇ ಮೂರು ಬಾರಿ ಪಾರಣೆಗೆ ಕರೆದು, ಮೂರು ಬಾರಿಯೂ ಬೇರೆ ಬೇರೆ ಅಡಚಣೆಗಳಿಂದ ಸತ್ಕರಿಸದೆ ಹೋದನು. ಅದನ್ನು ವಂಚನೆಯೆಂದು ತಿಳಿದ ಅಗ್ನಿಶರ್ಮನು ಜನ್ಮಜನ್ಮದಲ್ಲಿಯೂ ಅವನನ್ನು ಕೊಲ್ಲುವ ನಿದಾನ ಮಾಡಿಕೊಂಡನು. ಒಂಬತ್ತು ಭವಗಳಲ್ಲಿ ಮಗನಾಗಿ, ತಾಯಿಯಾಗಿ, ಹೆಂಡತಿಯಾಗಿ, ತಮ್ಮನಾಗಿ ಹುಟ್ಟಿದ ಅವನ ವೈರವು ಎದುರಾಳಿಯನ್ನು ಸಮರಾದಿತ್ಯನಾಗಿ ಕೇವಲಜ್ಞಾನದತ್ತ ಏರಿಸಿತು. ತನ್ನನ್ನು ಮಾತ್ರ ಕೆಳಕ್ಕೆ ತಳ್ಳಿತು.

ಹಾಗಾದರೆ ವೈರಕ್ಕೆ ಬಿಡುಗಡೆ ಎಲ್ಲಿ? ಅಡಗಿಸಿದ ಕೋಪ ಯಶೋಧರನನ್ನು ಉಳಿಸಲಿಲ್ಲ. ತೀರಿಸಿಕೊಂಡ ಕೋಪ ವಸುಷೇಣನನ್ನು ಉಳಿಸಲಿಲ್ಲ. ಯಶೋಧರಚರಿತೆಯ ಉತ್ತರಾರ್ಧವು ಮೂರನೆಯ ದಾರಿಯನ್ನು ತೋರುತ್ತದೆ. ಅದು ಜೀವಸಂಬಂಧದ ಪರಿಜ್ಞಾನ. ತಾಯಿ ಮಗ ನಾಯಿ ನವಿಲುಗಳಾಗಿ ಹುಟ್ಟಿದಾಗ ನಾಯಿ ನವಿಲನ್ನು ಕೊಲ್ಲುತ್ತದೆ, ಯಶೋಮತಿ ನಾಯಿಯನ್ನು ಕೊಲ್ಲುತ್ತಾನೆ. ಯಶೋಧರನ ಜೀವವು ಮೀನಾಗಿ, ಆಡಾಗಿ ಹುಟ್ಟಿದಾಗ ಅದರ ಮಾಂಸವು ಪಿತೃಗಳ ತೃಪ್ತಿಗೆಂದು ಯಶೋಮತಿ ಮಾಡಿಸಿದ ಶ್ರಾದ್ಧಕ್ಕೆ ಒದಗುತ್ತದೆ. ತಂದೆಯ ಹೆಸರಿನಲ್ಲಿ ತಂದೆಯನ್ನೇ ಬೇಯಿಸಿದ ಆ ಮಗನಲ್ಲಿ ದ್ವೇಷದ ಲೇಶವೂ ಇಲ್ಲ; ಇರುವುದು ಪಿತೃಭಕ್ತಿ ಮತ್ತು ಅಜ್ಞಾನ. ಕೊಲ್ಲುವ ಪ್ರತಿಯೊಬ್ಬನೂ ತನ್ನವರನ್ನೇ ಕೊಲ್ಲುತ್ತಿದ್ದಾನೆ, ಆದರೆ ಅರಿಯನು. ಕಡೆಗೆ ಕೋಳಿಗಳಾಗಿದ್ದಾಗ ಮುನಿಯ ಉಪದೇಶವನ್ನು ಕೇಳಿ ವ್ರತವನ್ನು ಸ್ವೀಕರಿಸಿ ಹರ್ಷದಿಂದ ಕೂಗಿದ ಎರಡು ಜೀವಗಳು, ಯಶೋಮತಿಯ ಶಬ್ದವೇಧಿ ಬಾಣಕ್ಕೆ ಬಿದ್ದು, ಅವನ ರಾಣಿ ಕುಸುಮಾವಳಿಯ ಗರ್ಭದಲ್ಲಿ ಅಭಯರುಚಿ ಅಭಯಮತಿಯರೆಂಬ ಅವಳಿಗಳಾಗುತ್ತವೆ. ಮರಣವು ಈ ಒಂದು ಸಲ ಶುಭಗತಿಗೆ ದ್ವಾರವಾಯಿತು, ಏಕೆಂದರೆ ಸಾಯುವ ಕ್ಷಣದ ಭಾವ ಬದಲಾಗಿತ್ತು.

ಜನ್ನನ ಕಾವ್ಯವು ಆರಂಭವಾಗುವುದು ಚಂಡಮಾರಿಯ ಗುಡಿಯಲ್ಲಿ. ರಾಜಪುರದ ಅರಸು ಮಾರಿದತ್ತನು ಬಲಿಗಾಗಿ ಹಿಡಿತರಿಸಿದ ಇಬ್ಬರು ಎಳೆಯರು ಈ ಅಭಯರುಚಿ ಅಭಯಮತಿಯರೇ. ಮೇಲಿನ ಕಥೆಯೆಲ್ಲವೂ ಅಭಯರುಚಿಯ ಬಾಯಿಂದ ಅವನ ಮುಂದೆಯೇ ಹೊರಬರುತ್ತದೆ. ಮಾರಿದತ್ತನು ಕುಸುಮಾವಳಿಯ ಸೋದರ. ತಾನು ಕಡಿಯಹೊರಟುದು ತಂಗಿಯ ಮಕ್ಕಳನ್ನೆಂದು ತಿಳಿದಾಗ ಅವನ ಕೈ ಸೋಲುತ್ತದೆ. ಚಂಡಮಾರಿಯೂ ಇನ್ನು ಮುಂದೆ ತನಗೆ ರಕ್ತಬಲಿ ಬೇಡವೆನ್ನುತ್ತಾಳೆ. ಮಾರಿದತ್ತನು ದೀಕ್ಷೆ ವಹಿಸುತ್ತಾನೆ. ಹೀಗೆ ಒಂದೇ ಕಾವ್ಯದಲ್ಲಿ ಎರಡು ಖಡ್ಗಗಳು ತಡೆದು ನಿಂತಿವೆ. ಆನೆಲಾಯದ ಖಡ್ಗವನ್ನು ತಡೆದುದು ಅಭಿಮಾನ. ಅದರ ಕೆಳಗೆ ಕೋಪ ಉಳಿದಿತ್ತು, ಆದುದರಿಂದ ಅದು ಇನ್ನೊಂದೆಡೆ ಬಿದ್ದಿತು. ಚಂಡಮಾರಿಯ ಗುಡಿಯ ಖಡ್ಗವನ್ನು ತಡೆದುದು ಇವರು ನನ್ನವರು ಎಂಬ ಅರಿವು. ಅನಾದಿ ಸಂಸಾರದಲ್ಲಿ ಯಾವ ಜೀವ ಯಾರಿಗೆ ತಾಯಿ, ತಂದೆ, ಮಗ ಆಗಿಲ್ಲ ಎಂದು ಪ್ರಶ್ನಿಸುವ ಸಿದ್ಧಾಂತಕ್ಕೆ ಆ ಅರಿವು ಮಾರಿದತ್ತನ ಬಂಧುವರ್ಗದಲ್ಲಿ ನಿಲ್ಲತಕ್ಕದ್ದಲ್ಲ. ಎಲ್ಲ ಜೀವಗಳಿಗೂ ಸಲ್ಲತಕ್ಕದ್ದು. ಆ ಖಡ್ಗ ಮತ್ತೆ ಏಳಲಿಲ್ಲ.